ಮೂವತ್ತು ದಿನಗಳ ನಿಯಮ

ಓಟ, ಜಿಗಿತ, ಎಸೆತ ಎಲ್ಲದರಲ್ಲೂ ಒಬ್ಬರೇ ಮಿಂಚಬಹುದೇ? ಅಮೆರಿಕದ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮಿಂಚಿದರು. ಐದು ಸ್ಪರ್ಧೆಗಳ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡರಲ್ಲೂ ಅವರಿಗೇ ಚಿನ್ನ. ಡೆಕಾಥ್ಲಾನ್‌ನಲ್ಲಿ ಗಳಿಸಿದ ಅಂಕ 8,412. ಎರಡನೆಯವರಿಗಿಂತ 688 ಹೆಚ್ಚು!

ಥೋರ್ಪ್ ಅಮೆರಿಕದ ಮೂಲನಿವಾಸಿಗಳಾದ ಸ್ಯಾಕ್ ಅಂಡ್ ಫಾಕ್ಸ್ ಜನಾಂಗದವರು. ಕಾರ್ಲೈಲ್‌ನ ವಸತಿಶಾಲೆಯಲ್ಲಿ ಓದುವಾಗ 1909 ಮತ್ತು 1910ರ ಬೇಸಿಗೆಯಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು. ಆಗ ಒಲಿಂಪಿಕ್ಸ್ ಹವ್ಯಾಸಿ ಆಟಗಾರರಿಗೆ ಮಾತ್ರ ಮೀಸಲು. ಹಣಕ್ಕಾಗಿ ಆಡಿದ ಕಾಲೇಜು ಹುಡುಗರು ಹಲವರಿದ್ದರು. ಅವರು ಸುಳ್ಳು ಹೆಸರು ಕೊಟ್ಟರು. ಥೋರ್ಪ್ ಸ್ವಂತ ಹೆಸರಿನಲ್ಲೇ ಆಡಿದರು. 1913ರ ಜನವರಿಯಲ್ಲಿ ವಿಷಯ ಪತ್ರಿಕೆಗೆ ಬಂತು. ಅವರು ಒಪ್ಪಿಕೊಂಡರು, ಪದಕಗಳು ಹೋದವು.

ಆದರೆ ನಿಯಮಪುಸ್ತಕದಲ್ಲಿ ಇನ್ನೊಂದು ಸಾಲಿತ್ತು: ಆಕ್ಷೇಪಣೆಯನ್ನು 30 ದಿನಗಳೊಳಗೆ ಸಲ್ಲಿಸಬೇಕು. ಇಲ್ಲಿ ಸುಮಾರು ಆರು ತಿಂಗಳೇ ಕಳೆದಿದ್ದವು. ಶಿಕ್ಷೆ ಕೊಟ್ಟವರು ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಥೋರ್ಪ್ ಕೈಚೆಲ್ಲಿ ಕೂರಲಿಲ್ಲ. ವೃತ್ತಿಪರ ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಎರಡನ್ನೂ ಆಡಿದರು. 1920ರಲ್ಲಿ, ಮುಂದೆ ಎನ್‌ಎಫ್‌ಎಲ್ ಎನಿಸಿದ ಫುಟ್‌ಬಾಲ್ ಲೀಗಿನ ಮೊದಲ ಅಧ್ಯಕ್ಷರಾದರು. 1922-23ರಲ್ಲಿ ಮೂಲನಿವಾಸಿಗಳೇ ತುಂಬಿದ್ದ ಊರಾಂಗ್ ಇಂಡಿಯನ್ಸ್ ತಂಡಕ್ಕೆ ಆಟಗಾರರೂ ತರಬೇತುದಾರರೂ ಆದರು.

ಅವರು ತೀರಿಕೊಂಡದ್ದು 1953ರಲ್ಲಿ. 1982ರಲ್ಲಿ ಒಲಿಂಪಿಕ್ ಸಮಿತಿ ಅವರನ್ನು ಜಂಟಿ ವಿಜೇತರೆಂದಿತು. 1983ರಲ್ಲಿ ಮಕ್ಕಳ ಕೈಗೆ ಪದಕದ ಪ್ರತಿಕೃತಿಗಳು ಬಂದವು. ಏಕೈಕ ವಿಜೇತರೆಂದು ದಾಖಲಾಗಲು 2022 ಬರಬೇಕಾಯಿತು.

ಪ್ರಯೋಗಶಾಲೆಯಲ್ಲಿ ನಮಗೆ ಬೇಡವಾದ ಅಳತೆಯನ್ನು ಕೈಬಿಟ್ಟರೆ ಫಲಿತಾಂಶ ತಪ್ಪಾಗುತ್ತದೆ. ನ್ಯಾಯದಲ್ಲೂ ಅಷ್ಟೇ. ನಿಯಮ ತೋರಿಸಿ ಯಾರನ್ನಾದರೂ ದಂಡಿಸುವ ಮುನ್ನ, ಅದನ್ನು ಕೊನೆಯ ಸಾಲಿನವರೆಗೂ ಓದಿ.