ಒತ್ತಡದ ಕೋಠಿಯಲ್ಲಿ ಆಮ್ಲಜನಕ: ಮಂಡ್ಯ ಸೀಮೆಯ ಪಾದವ್ರಣಗಳನ್ನು ಕುರಿತು ಒಂದು ವಿವೇಚನೆ

ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾದಂದಿನಿಂದ, ಮಂಡ್ಯ, ಮದ್ದೂರು, ಮಳವಳ್ಳಿಗಳ ನೀರಾವರಿ ಭೂಮಿಯಲ್ಲಿ ಕಬ್ಬಿಗೆ ದೊರೆತ ಪ್ರಾಶಸ್ತ್ಯವು ಸರ್ವವಿದಿತ. ಬರಿಗಾಲಿನಲ್ಲಿ ಗದ್ದೆಗಿಳಿಯುವ ರೈತನಿಗೆ ಕಬ್ಬಿನ ಕೂಳೆ ಚುಚ್ಚುವುದು ಹೊಸ ಸಂಗತಿಯೇನಲ್ಲ. ಆದರೆ ಮಧುಮೇಹದಿಂದ ಪಾದದ ನರಗಳು ಜಡವಾಗಿ, ರಕ್ತನಾಳಗಳು ಸಂಕುಚಿತವಾದವನಿಗೆ ಚುಚ್ಚಿದ್ದೇ ತಿಳಿಯದೆ, ಅಂಗಾಲಿನ ಅಲ್ಪ ಗಾಯವು ಎಲುಬಿನವರೆಗೂ ಇಳಿದು, ಕಾಲನ್ನೇ ಕತ್ತರಿಸಬೇಕಾದ ದುಃಸ್ಥಿತಿಯನ್ನು ತರುವುದುಂಟು. (ಕಬ್ಬಿನ ಸೀಮೆಯಾದ್ದರಿಂದಲೇ ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚೆಂಬ ಮಾತು ವಿನೋದಕ್ಕೆ ಸರಿಯೇ ಹೊರತು ಶಾಸ್ತ್ರಕ್ಕೆ ಸಲ್ಲದು.) ಇಂತಹ ವ್ರಣಗಳಿಗೆ ಇತರ ಉಪಚಾರಗಳೊಡನೆ ಸೂಚಿಸಲ್ಪಡುವ ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ, ಎಂದರೆ ವೈದ್ಯರ ಬಾಯಲ್ಲಿನ 'ಹೈಪರ್‌ಬ್ಯಾರಿಕ್' ಚಿಕಿತ್ಸೆಯು, ಪ್ರಸ್ತುತ ಲೇಖನದ ವಿಷಯ.

ರಕ್ತದಲ್ಲಿನ ಹಿಮೋಗ್ಲೋಬಿನ್ ಸಾಧಾರಣ ಉಸಿರಾಟದಲ್ಲಿಯೇ ಬಹುಮಟ್ಟಿಗೆ ಆಮ್ಲಜನಕದಿಂದ ತುಂಬಿರುವುದರಿಂದ ಅದರ ಮೇಲೆ ಹೊರಿಸಬಹುದಾದ ಹೆಚ್ಚಿನ ಹೊರೆ ಅತ್ಯಲ್ಪ. ಆದರೆ ರಕ್ತದ ದ್ರವಭಾಗದ ಸಂಗತಿ ಬೇರೆ. ಒತ್ತಡವು ಏರಿದಷ್ಟೂ ದ್ರವದಲ್ಲಿ ಅನಿಲವು ಹೆಚ್ಚುಹೆಚ್ಚಾಗಿ ಕರಗುವುದೆಂಬುದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ವಿಲಿಯಂ ಹೆನ್ರಿ ಪ್ರತಿಪಾದಿಸಿದ ನಿಯಮ. ಗೋಲಿಸೋಡದ ಸೀಸೆಯಲ್ಲಿ ಅದನ್ನು ಕಾಣದವರಿಲ್ಲ. ಸಮುದ್ರಮಟ್ಟದಲ್ಲಿ ಗಾಳಿಯನ್ನು ಉಸಿರಾಡುವಾಗ ನೂರು ಮಿಲಿಲೀಟರ್ ರಕ್ತದಲ್ಲಿ ಕೇವಲ 0.3 ಮಿಲಿಲೀಟರಿನಷ್ಟು ಆಮ್ಲಜನಕ ಕರಗಿದ್ದರೆ, ಮುಚ್ಚಿದ ಕೋಠಿಯೊಳಗೆ ಮೂರು ವಾಯುಮಂಡಲಗಳ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಸೇವಿಸಿದಾಗ ಅದು ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತ ಶರೀರದ ಬೇಡಿಕೆಯನ್ನು ಪೂರೈಸಲು ಇಷ್ಟೇ ಸಾಕು. ಆಂಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಬೋರೆಮಾ, ಹಂದಿಗಳ ಕೆಂಪು ರಕ್ತಕಣಗಳನ್ನು ಬಹುತೇಕ ತೆಗೆದೂ ಅವುಗಳನ್ನು ಇಂತಹ ಕೋಠಿಯಲ್ಲಿ ಜೀವಂತವಾಗಿ ಉಳಿಸಿ, 1960ರಲ್ಲಿ ಇದನ್ನು ನಿದರ್ಶನಪೂರ್ವಕವಾಗಿ ತೋರಿಸಿದನು. ಮಧುಮೇಹಿಯ ಪಾದದಲ್ಲಿ ಇದರ ಫಲವು ಹಲವು ತೆರನಾದುದು: ಕ್ರಿಮಿಗಳನ್ನು ಕೊಲ್ಲುವ ಬಿಳಿಯ ಕಣಗಳಿಗೆ ಆಮ್ಲಜನಕವೇ ಆಯುಧ, ಹೊಸ ಮಾಂಸಕ್ಕೆ ಆಧಾರವಾದ ಕೊಲಾಜನ್ ತಂತುವು ಆಮ್ಲಜನಕವಿಲ್ಲದೆ ಬಲಗೊಳ್ಳದು, ದಿನದಿನದ ಪುನರಾವರ್ತನೆಯಿಂದ ಸೂಕ್ಷ್ಮ ರಕ್ತನಾಳಗಳೂ ಹೊಸದಾಗಿ ಚಿಗುರುತ್ತವೆ.

ಮಂಡ್ಯವು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡವು ಪೂರ್ಣ ಒಂದು ವಾಯುಮಂಡಲವಲ್ಲ, 0.92ರಷ್ಟು ಮಾತ್ರ. ಕೋಠಿಯಲ್ಲಿ ಸಾಮಾನ್ಯವಾಗಿ ಬಳಸುವ 2 ರಿಂದ 2.5 ವಾಯುಮಂಡಲಗಳೆಂಬುದು ಊರಿನ ಗಾಳಿಯ ಒತ್ತಡವೂ ಸೇರಿದ ಒಟ್ಟು ಒತ್ತಡದ ಲೆಕ್ಕ, 2.4 ಎಂದರೆ ಸಮುದ್ರದಲ್ಲಿ ಹದಿನಾಲ್ಕು ಮೀಟರ್ ಆಳಕ್ಕೆ ಇಳಿದವನು ಅನುಭವಿಸುವಷ್ಟು. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು ವಿಮಾನಚಾಲಕರನ್ನು ತೀರ ಕಡಿಮೆ ಒತ್ತಡದ ಕೋಠಿಯಲ್ಲಿ ಕೂರಿಸಿ ಎತ್ತರದ ಹಾರಾಟಕ್ಕೆ ಅಣಿಗೊಳಿಸುವುದು ಇದಕ್ಕೆ ವಿಪರೀತವಾದ ಪ್ರಯೋಗ.

ರೋಗಿಯು ಏನನ್ನು ನಿರೀಕ್ಷಿಸಬೇಕು? ಮೊದಲಿಗೆ ಎದೆಯ ಎಕ್ಸ್‌ರೇ, ಕಿವಿಯ ಪರೀಕ್ಷೆ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡು ಅದಕ್ಕೆ ಉಪಚಾರವಾಗದಿದ್ದವನನ್ನು ಕೋಠಿಯೊಳಕ್ಕೆ ಬಿಡುವಂತಿಲ್ಲ. ಹತ್ತಿಯ ಉಡುಪಿನ ಹೊರತು ಬೇರೆ ಬಟ್ಟೆ ಸಲ್ಲದು. ಪ್ರತಿನಿತ್ಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕುವ ನಮ್ಮ ಹಿರಿಯ ಹೆಂಗಸರಿಗೆ ಎಣ್ಣೆಯ ನಿಷೇಧ ಕಷ್ಟವೆನಿಸಬಹುದು. ಅಂತೆಯೇ ಗಂಡಸರ ಒಳಜೇಬಿನ ಬೀಡಿಕಟ್ಟು, ಬೆಂಕಿಪೊಟ್ಟಣ, ಮೊಬೈಲುಗಳೂ ಹೊರಗೇ ಉಳಿಯಬೇಕು. ಇದು ಆಡಂಬರದ ನಿಯಮವಲ್ಲ: 1997ರ ಅಕ್ಟೋಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಇಂತಹ ಕೋಠಿಗೆ ಬೆಂಕಿ ತಗುಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಒತ್ತಡವೇರುವಾಗ ಒಳಗೆ ಸೆಕೆಯಾಗುತ್ತದೆ, ಕಿವಿ ಕಟ್ಟಿಕೊಳ್ಳುತ್ತದೆ. ಎಂಜಲು ನುಂಗುತ್ತ, ಇಲ್ಲವೆ ಮೂಗು ಬಿಗಿಹಿಡಿದು ಮೆಲ್ಲನೆ ಗಾಳಿಯೂದುತ್ತ ಅದನ್ನು ಬಿಡಿಸಿಕೊಳ್ಳಬೇಕು. ನೋವಾದರೆ ಕೂಡಲೆ ಹೇಳಬೇಕು, ಸಹಿಸುವುದರಲ್ಲಿ ಪುಣ್ಯವಿಲ್ಲ. ಆಮೇಲೆ ಒಂದೂವರೆ ಎರಡು ಗಂಟೆಗಳ ಕಾಲ ಮಲಗಿಯೋ ಕುಳಿತೋ ಉಸಿರಾಡುವುದಷ್ಟೇ ಕೆಲಸ. ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆಯೊಂದುಂಟು: ಕೋಠಿಯಲ್ಲಿ ರಕ್ತದ ಸಕ್ಕರೆ ಇಳಿಯುವ ಸಂಭವವಿರುವುದರಿಂದ, ಸೋಮವಾರ ಶನಿವಾರಗಳಲ್ಲಿ ಒಪ್ಪೊತ್ತು ಮಾಡುವವರು, ಇನ್ಸುಲಿನ್ ಚುಚ್ಚಿಸಿಕೊಂಡು ಹಸಿದ ಹೊಟ್ಟೆಯಲ್ಲಿ ಒಳಹೋಗುವುದು ಅಪಾಯಕರ. ಹಲವಾರು ವಾರಗಳಾದ ಮೇಲೆ ದೂರದ ವಸ್ತು ಮಂಜಾಗಿ ಕಂಡರೆ ಹೊಸ ಕನ್ನಡಕಕ್ಕೆ ಧಾವಿಸಬೇಕಾಗಿಲ್ಲ. ಚಿಕಿತ್ಸೆ ಮುಗಿದ ಮೇಲೆ ಅದು ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಚಿಕಿತ್ಸೆಯಿಂದ ಫಿಟ್ಸ್ ಬರುವುದೂ ಉಂಟು, ಆದರೆ ಅತಿ ವಿರಳ.

ಫಲದ ವಿಷಯದಲ್ಲಿ ಪಂಡಿತರಲ್ಲಿ ಐಕಮತ್ಯವಿಲ್ಲ. ಸ್ವೀಡನ್ನಿನಲ್ಲಿ ಲಂಡಾಲ್ ಮತ್ತು ಅವರ ಸಹೋದ್ಯೋಗಿಗಳು 94 ಮಧುಮೇಹಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ ಕೋಠಿಯಲ್ಲಿ ಆಮ್ಲಜನಕ ಪಡೆದವರ ಪೈಕಿ ನೂರಕ್ಕೆ 52 ಮಂದಿಯ ಗಾಯ ಮಾಯ್ದಿದ್ದರೆ, ಸಾಧಾರಣ ಗಾಳಿಯನ್ನಷ್ಟೇ ಪಡೆದವರಲ್ಲಿ 29 ಮಂದಿಯದು ಮಾತ್ರ ಮಾಯ್ದಿತ್ತು. 2018ರ ಡಚ್ಚರ ಪರೀಕ್ಷೆಯಾದರೋ ಇಂತಹ ಗಣನೀಯ ಅಂತರವನ್ನು ಕಾಣಲಿಲ್ಲ. ಆದರೆ ಕೋಠಿಗೆ ನಿಯುಕ್ತರಾದ 60 ಮಂದಿಯಲ್ಲಿ ಪೂರ್ಣ ಚಿಕಿತ್ಸೆ ಮುಗಿಸಿದವರು 39 ಮಂದಿ ಮಾತ್ರವೆಂಬುದು ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಅಂಶ. ಅಷ್ಟು ಚಿಕ್ಕದಾದ, ಅಷ್ಟು ಅನುಕೂಲವಂತವಾದ ದೇಶದಲ್ಲಿಯೇ ಮೂರರಲ್ಲೊಬ್ಬರು ಕೊನೆಮುಟ್ಟದಿದ್ದ ಮೇಲೆ, ಮಳವಳ್ಳಿಯ ಹಳ್ಳಿಯೊಂದರಿಂದ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾದವನ ಪಾಡೇನು? ವಾರಕ್ಕೆ ಐದು ದಿನಗಳಂತೆ ಮೂವತ್ತು ನಲವತ್ತು ಸರದಿಗಳೆಂದರೆ ಆರರಿಂದ ಎಂಟು ವಾರ. ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರ್. ವ್ರಣವುಳ್ಳ ಪಾದವನ್ನು ನೆಲಕ್ಕೆ ಊರಬಾರದೆಂಬುದೇ ಚಿಕಿತ್ಸೆಯ ಪ್ರಥಮ ವಿಧಿಯಾಗಿರುವಾಗ ಪ್ರತಿನಿತ್ಯ ಬಸ್ಸು ಹತ್ತಿಳಿಯುವುದು ಆ ವಿಧಿಗೇ ವಿರುದ್ಧ.

ಆದುದರಿಂದ ಕಣಕಾಲಿನ ನಾಡಿಯನ್ನು ನೋಡಿ, ಮುಚ್ಚಿದ ರಕ್ತನಾಳವನ್ನು ತೆರೆಯಬಹುದೇ ಎಂದು ಪರಿಶೀಲಿಸಿ, ಸತ್ತ ಮಾಂಸವನ್ನು ತೆಗೆದು, ಸಕ್ಕರೆಯನ್ನು ಹತೋಟಿಗೆ ತಂದು, ಬೀಡಿಯನ್ನು ಬಿಡಿಸಿದ ಬಳಿಕವೇ ಕೋಠಿಯ ಮಾತೆತ್ತುವುದು ಯುಕ್ತ. ಇವೆಲ್ಲವೂ ಮಂಡ್ಯದಲ್ಲಿಯೇ ಆರಂಭವಾಗಬಹುದಾದ ಕೆಲಸಗಳು. ಕೋಠಿಯೇ ಬೇಕೆಂದು ನಿಶ್ಚಯವಾದಲ್ಲಿ, ಕೋಠಿಯಿರುವ ಊರಿನಲ್ಲಿ ನೆಂಟರ ಮನೆಯುಂಟೇ, ಜೊತೆಗೆ ನಿಲ್ಲುವವರು ಯಾರು, ಕಾರ್ಖಾನೆಯಿಂದ ಕಬ್ಬಿನ ಕಟಾವಿಗೆ ಅಪ್ಪಣೆ ಬರುವುದು ಯಾವ ವಾರ ಎಂಬುದನ್ನು ವೈದ್ಯನು ಮೊದಲೇ ಕೇಳಿ ತಿಳಿದು, ಮೊದಲ ಸರದಿಯ ದಿನವನ್ನು ಅದಕ್ಕನುಗುಣವಾಗಿ ಗೊತ್ತುಮಾಡತಕ್ಕದ್ದು.