ದೋಷವೆಂದರೆ ಪಾರತಂತ್ರ್ಯ: ಮಧ್ವರ ನಿರ್ದೋಷತ್ವ ವಿಚಾರ

ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ಪ್ರಜಾಪತಿ ಆತ್ಮನಿಗೆ ಎಂಟು ಲಕ್ಷಣ ಹೇಳುತ್ತಾನೆ. ಪಾಪ, ಮುಪ್ಪು, ಸಾವು, ಶೋಕ, ಹಸಿವು, ಬಾಯಾರಿಕೆ ಈ ಆರೂ ಅವನಿಗಿಲ್ಲ. ಅವನ ಕಾಮ ಸತ್ಯ, ಸಂಕಲ್ಪ ಸತ್ಯ. ಆರು ಇಲ್ಲಗಳು, ಎರಡು ಇದೆಗಳು. ಈ ಆರಕ್ಕೂ ಎರಡಕ್ಕೂ ಏನು ನಂಟು ಎಂಬ ಪ್ರಶ್ನೆಗೆ ವೇದಾಂತದ ಮತಗಳು ಕೊಟ್ಟ ಉತ್ತರಗಳಲ್ಲೇ ಅವುಗಳ ದೇವರ ಕಲ್ಪನೆಯೂ ಅಡಗಿದೆ.

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ‘ಉಭಯಲಿಂಗ’ ಎಂಬ ಪದವುಳ್ಳ ಸೂತ್ರವೊಂದಿದೆ (3.2.11). ಅದರ ಮೊದಲಕ್ಷರ ‘ನ’. ಈ ‘ನ’ಕಾರ ಯಾವ ಪದಕ್ಕೆ ಅನ್ವಯಿಸಬೇಕು ಎಂಬಲ್ಲಿ ಆಚಾರ್ಯರ ದಾರಿಗಳು ಬೇರೆಯಾಗುತ್ತವೆ. ಶಂಕರರು ಅದನ್ನು ಉಭಯಲಿಂಗಕ್ಕೇ ಸೇರಿಸುತ್ತಾರೆ: ಪರಬ್ರಹ್ಮಕ್ಕೆ ಸವಿಶೇಷ, ನಿರ್ವಿಶೇಷ ಎಂಬ ಎರಡು ಸ್ವಭಾವ ಕೂಡದು, ನಿರ್ವಿಶೇಷವೇ ಅದರ ನಿಜ. ರಾಮಾನುಜರು ನಿಷೇಧವನ್ನು ಅದಕ್ಕೆ ಮೊದಲೇ ನಿಲ್ಲಿಸುತ್ತಾರೆ: ದೇಹದೊಳಗೆ ಅಂತರ್ಯಾಮಿಯಾಗಿ ನೆಲೆಸಿದರೂ ಪರಮಾತ್ಮನಿಗೆ ದೋಷ ತಗಲದು, ಏಕೆಂದರೆ ದೋಷರಾಹಿತ್ಯ ಮತ್ತು ಕಲ್ಯಾಣಗುಣ ಎಂಬ ಎರಡು ಲಿಂಗಗಳನ್ನೂ ಶ್ರುತಿ ಎಲ್ಲೆಡೆ ಸಾರಿದೆ. ಅವರು ಬಳಸುವ ‘ಹೇಯಪ್ರತ್ಯನೀಕ’ ಎಂಬ ಮಾತು ದೋಷದ ಬರಿಯ ಅಭಾವವನ್ನಲ್ಲ, ದೋಷದೊಡನೆ ವಿರೋಧವನ್ನೇ ಹೇಳುತ್ತದೆ. ಬೆಳಕಿದ್ದಲ್ಲಿ ಕತ್ತಲೆಗೆ ಎಡೆಯಿಲ್ಲದ ಹಾಗೆ.

ಮಧ್ವರು ಇದೇ ಸೂತ್ರದಲ್ಲಿ, ಸ್ಥಾನ ಬೇರೆಯಾದರೂ ಭಗವಂತನ ರೂಪಗಳಲ್ಲಿ ಭೇದವಿಲ್ಲ ಎಂಬ ಅರ್ಥ ಕಾಣುತ್ತಾರೆ. ನಿರ್ದೋಷತ್ವವನ್ನು ಮಾತ್ರ ಅವರು ಒಂದು ಸೂತ್ರಕ್ಕೆ ಸೀಮಿತಗೊಳಿಸಲಿಲ್ಲ. ಬ್ರಹ್ಮಸೂತ್ರಭಾಷ್ಯ, ಅನುವ್ಯಾಖ್ಯಾನ, ವಿಷ್ಣುತತ್ತ್ವನಿರ್ಣಯ ಮೂರರ ಮಂಗಲಶ್ಲೋಕಗಳಲ್ಲೂ ಗುಣಪೂರ್ಣತೆ ಮತ್ತು ನಿರ್ದೋಷತೆ ಜೋಡಿಯಾಗಿ ಬರುತ್ತವೆ. ವಿಷ್ಣುತತ್ತ್ವನಿರ್ಣಯದ ಮೂರು ಪರಿಚ್ಛೇದಗಳಂತೂ ಮಂಗಲಶ್ಲೋಕದ ಮೂರು ವಿಶೇಷಣಗಳ ಬೆನ್ನು ಹಿಡಿದೇ ಸಾಗುತ್ತವೆ. ನಿರ್ದೋಷತ್ವಕ್ಕೆ ಮೀಸಲಾದದ್ದು ಕೊನೆಯದು.

ಈ ಜೋಡಿಯ ಎರಡು ಪದಗಳೂ ಒಂದೇ ಬೇರಿನಿಂದ ಚಿಗುರಿದವು ಎಂಬುದು ನನ್ನ ವಾದ. ಮಧ್ವರು ತತ್ತ್ವವನ್ನು ಮೊದಲು ಒಡೆಯುವುದು ಚೇತನ–ಜಡ ಎಂದಲ್ಲ, ಸ್ವತಂತ್ರ–ಅಸ್ವತಂತ್ರ ಎಂದು. ಛಾಂದೋಗ್ಯದ ಆರು ಇಲ್ಲಗಳನ್ನು ಈ ವಿಭಾಗದ ಎದುರಿಗಿಟ್ಟು ನೋಡಬೇಕು. ಹಸಿವು ಅನ್ನದ ಅಧೀನ, ಬಾಯಾರಿಕೆ ನೀರಿನ ಅಧೀನ, ಮುಪ್ಪು ಮತ್ತು ಸಾವು ಕಾಲದ ಅಧೀನ, ಪಾಪ ಕರ್ಮದ ಅಧೀನ, ಶೋಕ ಕಳೆದುಹೋದದ್ದರ ಅಧೀನ. ಆರಕ್ಕೂ ಹೆಸರು ಬೇರೆ, ಮೂಲ ಒಂದೇ: ಪಾರತಂತ್ರ್ಯ. ಸತ್ಯಸಂಕಲ್ಪ ಅದರ ಮರುಮುಖ, ತಾನು ಎಣಿಸಿದ್ದು ಇನ್ನೊಂದನ್ನು ಕಾಯದೆ ಆಗುವುದು. ಹೀಗೆ ಓದಿದರೆ ಇಲ್ಲಗಳೂ ಇದೆಗಳೂ ಸ್ವಾತಂತ್ರ್ಯವೆಂಬ ಒಂದೇ ಧರ್ಮದ ಎರಡು ಮುಖಗಳಾಗುತ್ತವೆ.

ಈ ವಾದಕ್ಕೆ ಒರೆಗಲ್ಲು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ವೈಷಮ್ಯ–ನೈರ್ಘೃಣ್ಯ ಸೂತ್ರ (2.1.34). ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೆ, ನಿರ್ದಯನಲ್ಲವೆ? ಜೀವರ ಕರ್ಮವನ್ನು ನೋಡಿ ಕೊಡುವುದರಿಂದ ಅಲ್ಲ ಎಂಬುದು ಸೂತ್ರದ ಸಮಾಧಾನ. ಶಂಕರರು ಮಳೆಯ ದೃಷ್ಟಾಂತ ಕೊಡುತ್ತಾರೆ. ಬತ್ತಕ್ಕೂ ಜವೆಗೂ ಸುರಿಯುವ ಮಳೆ ಒಂದೇ, ಪೈರಿನ ವ್ಯತ್ಯಾಸ ಬೀಜದ್ದು. ದೃಷ್ಟಾಂತ ಸೊಗಸಾಗಿದೆ. ಆದರೆ ಮಳೆ ಬೀಜಕ್ಕೆ ಕಟ್ಟುಬಿದ್ದಂತೆ ದೇವರು ಕರ್ಮಕ್ಕೆ ಕಟ್ಟುಬಿದ್ದರೆ ಅವನ ಸ್ವಾತಂತ್ರ್ಯಕ್ಕೇ ಸಂಚಕಾರ. ಮಧ್ವರು ಈ ಆಕ್ಷೇಪವನ್ನು ತಾವೇ ಎತ್ತಿಕೊಂಡು, ಕರ್ಮದ ಇರವೂ ಭಗವಂತನ ಅಧೀನವೆಂದು ಉತ್ತರಿಸುತ್ತಾರೆ. ಹಾಗಾದರೆ ಪಕ್ಷಪಾತ ಮರಳಿ ಬಂತಲ್ಲ? ಅಂಥ ವೈಷಮ್ಯ ದೋಷವೇ ಅಲ್ಲ ಎನ್ನುತ್ತದೆ ಭಾಷ್ಯ.

ಈ ಮಾತು ಅನೇಕರಿಗೆ ಕಠಿಣವೆನಿಸಿದೆ, ನನಗೂ ಅದು ಸಲೀಸಾಗಿ ದಕ್ಕಿದ್ದಲ್ಲ. ಆದರೂ ಮಧ್ವರ ನಿಷ್ಠುರತೆಯ ಬಗ್ಗೆ ನನಗೆ ಗೌರವವಿದೆ. ದೇವರ ನ್ಯಾಯವನ್ನು ಉಳಿಸಲು ಅವನ ಸ್ವಾತಂತ್ರ್ಯವನ್ನು ಒತ್ತೆಯಿಟ್ಟಿದ್ದರೆ ಅವರ ಸಿದ್ಧಾಂತದ ತಳಪಾಯವೇ ಕದಲುತ್ತಿತ್ತು. ಜೀವರ ಅನಾದಿ ಸ್ವಭಾವ ದೇವರ ಅಧೀನ, ಆದರೆ ಅವನು ಹೊಸದಾಗಿ ಹುಟ್ಟಿಸಿದ್ದಲ್ಲ ಎಂಬ ಸೂಕ್ಷ್ಮ ನೆಲೆಯಲ್ಲಿ ಅವರು ನಿಲ್ಲುತ್ತಾರೆ. ಜೀವರ ತಾರತಮ್ಯದ ಭಾರವೆಲ್ಲ ಆ ‘ಅನಾದಿ’ ಎಂಬ ಪದದ ಮೇಲೆ ಬಿದ್ದಿದೆ.

ಅವತಾರಗಳ ವಿಷಯದಲ್ಲೂ ಇದೇ ಬಿಗಿ. ಸೀತೆಯನ್ನು ಕಳೆದುಕೊಂಡ ರಾಮನ ಶೋಕ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ನಿಜವಾದ ಶೋಕವಲ್ಲ, ಅಸುರಮೋಹನಕ್ಕಾಗಿ ತೋರಿಸಿದ್ದು. ಅದೇ ಗ್ರಂಥ ಒಂಬತ್ತು ಬಗೆಯ ದ್ವೇಷಗಳನ್ನು ಎಣಿಸುವಾಗ ದೇವರನ್ನು ನಿರ್ಗುಣನೆನ್ನುವುದು, ಅಪೂರ್ಣಗುಣನೆನ್ನುವುದು, ಅವತಾರಗಳನ್ನು ತಪ್ಪಾಗಿ ತಿಳಿಯುವುದು ಇವನ್ನೂ ಸೇರಿಸುತ್ತದೆ.

ಹಾಗಿದ್ದರೆ ಇದೇ ಮತದ ಹರಿದಾಸರು ನಿಂದಾಸ್ತುತಿ ಹಾಡಿದ್ದು ಹೇಗೆ? ವಿಠಲನನ್ನು ಬೈದರು, ಮೂದಲಿಸಿದರು, ಲೆಕ್ಕ ಕೇಳಿದರು. ಉತ್ತರ ಮಧ್ವರ ಭಕ್ತಿಲಕ್ಷಣದಲ್ಲೇ ಇದೆ. ಅವರ ಪ್ರಕಾರ ಭಕ್ತಿಯೆಂದರೆ ಮಾಹಾತ್ಮ್ಯದ ಅರಿವು ಮುಂದಾಗಿ ಬರುವ, ಎಲ್ಲಕ್ಕೂ ಮಿಗಿಲಾದ ಗಟ್ಟಿ ಸ್ನೇಹ. ದೋಷ ಅಂಟದೆಂಬ ಅರಿವು ಮೊದಲೇ ಗಟ್ಟಿಯಾಗಿರುವುದರಿಂದ ದಾಸರ ಬೈಗುಳ ದ್ವೇಷದ ಪಟ್ಟಿಗೆ ಸೇರುವುದಿಲ್ಲ. ಅದು ಸ್ನೇಹದ ಸಲಿಗೆ, ಆ ಸಲಿಗೆಯಲ್ಲಿ ಅವರು ಬಳಸಿದ್ದು ಮನೆಮಾತಿನ ಕನ್ನಡವನ್ನು.