ಮಧುನಾಶಿನಿಯ ಪರೀಕ್ಷೆ: ನಾಲಗೆಯಿಂದ ರಕ್ತದವರೆಗೆ

ದಕ್ಷಿಣ ಭಾರತದ ಕಾಡುಗಳಲ್ಲಿ ಹಬ್ಬಿ ಬೆಳೆಯುವ ಒಂದು ಬಳ್ಳಿಯುಂಟು. ಸಸ್ಯಶಾಸ್ತ್ರಜ್ಞರು ಅದನ್ನು ಜಿಮ್ನೀಮ ಸಿಲ್ವೆಸ್ಟ್ರೆ ಎನ್ನುವರು. ಹಿಂದಿಯಲ್ಲಿ ಅದು ಗುಡ್‌ಮಾರ್, ತಮಿಳಿನಲ್ಲಿ ಸಿರುಕುರಿಂಜಾನ್, ಕನ್ನಡದಲ್ಲಿ ಮಧುನಾಶಿನಿ. ಇದರ ಒಂದೆರಡು ಎಲೆಗಳನ್ನು ಅಗಿದು ಬಳಿಕ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಸಿಹಿಯೇ ತೋರದು, ಮರಳನ್ನು ಮುಕ್ಕಿದಂತಾಗುತ್ತದೆ. ನಾಲಗೆಯ ಮೇಲೆ ಸಿಹಿಯನ್ನು ಕೊಲ್ಲುವ ಎಲೆ ದೇಹದೊಳಗಿನ ಸಿಹಿಯನ್ನೂ ಕೊಲ್ಲಲಾರದೇ? ಇದು ಮಧುಮೇಹಕ್ಕೆ ಮದ್ದೆಂಬ ನಂಬಿಕೆಗೆ ಈ ಅನುಭವವೂ ಒತ್ತಾಸೆಯಾಯಿತು. ಆದರೆ ಆ ನಂಬಿಕೆಯು ಪ್ರಯೋಗಶಾಲೆಯನ್ನು ಹೊಕ್ಕಾಗ ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಉತ್ತರ ದೊರೆಯಿತು.

ಮೊದಲ ಉತ್ತರ ಉದಕಮಂಡಲದ್ದು. ಅಲ್ಲಿ ಸರ್ಕಾರದ ಕ್ವಿನೈನ್ ರಸಾಯನಜ್ಞನಾಗಿದ್ದ ಡೇವಿಡ್ ಹೂಪರನು ಎಲೆಯನ್ನು ಪರಿಶೋಧಿಸಿ, ರುಚಿಯನ್ನು ಅಡಗಿಸುವ ಅಂಶಕ್ಕೆ ಜಿಮ್ನೀಮಿಕ್ ಆಮ್ಲವೆಂದು ಹೆಸರಿಟ್ಟು, 1887ರಲ್ಲಿ ಪ್ರಕಟಿಸಿದನು. ಅದು ಒಂದೇ ವಸ್ತುವಲ್ಲ, ಸಪೋನಿನ್‌ಗಳ ಒಂದು ಗುಂಪು ಎಂಬುದು ಈಗ ತಿಳಿದಿದೆ. ನಾಲಗೆಯಲ್ಲಿ ಸಿಹಿಯನ್ನು ಗ್ರಹಿಸುವ ಪ್ರೋಟೀನಿಗೆ ಇವು ಅಂಟಿಕೊಂಡು ಅದನ್ನು ಸ್ವಲ್ಪಕಾಲ ಮಂಕುಗೊಳಿಸುತ್ತವೆ. ಹೂಪರನ ಪ್ರಶ್ನೆ ರುಚಿಯನ್ನು ಕುರಿತದ್ದು. ರಕ್ತದ ಸಕ್ಕರೆಯ ವಿಚಾರಕ್ಕೆ ಅದರಿಂದ ಉತ್ತರ ಬರುವಂತಿರಲಿಲ್ಲ.

1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ನಿನ ಶೋಧವಾಯಿತು. ಅದನ್ನು ಆಗ ಸೂಜಿಯಿಂದಲೇ ಕೊಡಬೇಕಾಗಿತ್ತು. ಬಾಯಿಯಿಂದ ಸೇವಿಸುವ ಮದ್ದೊಂದು ಸಿಕ್ಕಿದರೆ ಬಡದೇಶಕ್ಕೆ ಮಹೋಪಕಾರ. ಕಲಕತ್ತೆಯಲ್ಲಿ ಆರ್. ಎನ್. ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಮಧುನಾಶಿನಿಯನ್ನು ಮಧುಮೇಹಿಗಳ ಮೇಲೆಯೇ ಪರೀಕ್ಷಿಸಿ 1928ರಲ್ಲಿ ವರದಿಮಾಡಿದರು. ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಎರಡೇ ವರ್ಷಗಳ ತರುವಾಯ, 1930ರಲ್ಲಿ, ಮ್ಹಸ್ಕರ್ ಮತ್ತು ಕೇಯಸ್ ಎಂಬಿಬ್ಬರು ಎಲೆಯು ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುವುದೆಂದೂ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಸ್ರವಿಸುವುದೇ ಅದಕ್ಕೆ ಕಾರಣವೆಂದೂ ಪ್ರತಿಪಾದಿಸಿದರು. ಇಲ್ಲಿ ಒಬ್ಬರು ಸುಳ್ಳಾದರೆಂದು ಭಾವಿಸಬೇಕಾದುದಿಲ್ಲ. ಪ್ರಾಣಿಯ ಗ್ರಂಥಿ ಬೇರೆ, ಸೊರಗಿದ ರೋಗಿಯ ಗ್ರಂಥಿ ಬೇರೆ. ಎಲೆಯ ಪುಡಿ ಬೇರೆ, ಅದರ ಸಾರ ಬೇರೆ.

ಅಲಾಕ್ಸಾನ್ ಎಂಬ ರಾಸಾಯನಿಕವು ಪ್ರಾಣಿಗಳಲ್ಲಿ ಇನ್ಸುಲಿನ್ ಸ್ರವಿಸುವ ಕಣಗಳನ್ನು ನಾಶಮಾಡುವುದೆಂದು 1943ರಲ್ಲಿಯೂ, ಸ್ಟ್ರೆಪ್ಟೋಜೋಟೋಸಿನ್ ಮಧುಮೇಹವನ್ನುಂಟುಮಾಡುವುದೆಂದು 1963ರಲ್ಲಿಯೂ ತಿಳಿದುಬಂದಮೇಲೆ ಇಲಿಗಳಲ್ಲಿ ಮಧುಮೇಹವನ್ನು ಬೇಕೆಂದಾಗ ಉಂಟುಮಾಡಿ ಸಸ್ಯಸಾರಗಳನ್ನು ಒರೆಗೆ ಹಚ್ಚುವುದು ಸುಲಭವಾಯಿತು. ಮದರಾಸಿನ ಸಂಶೋಧಕರು ಇಲಿಗಳಿಂದ ಮನುಷ್ಯರತ್ತ ಸಾಗಿದರು. 1990ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ 22 ಮಂದಿ ರೋಗಿಗಳು ವಾಡಿಕೆಯ ಮಾತ್ರೆಗಳೊಡನೆ ದಿನಕ್ಕೆ 400 ಮಿಲಿಗ್ರಾಂ ಸಾರವನ್ನು 18ರಿಂದ 20 ತಿಂಗಳು ಸೇವಿಸಿದರು. ರಕ್ತದ ಸಕ್ಕರೆ ಇಳಿಯಿತು. ಐವರು ಮಾತ್ರೆಗಳನ್ನೇ ಬಿಡಬಲ್ಲವರಾದರು. ಆಶಾದಾಯಕವಾದ ಫಲವಿದು. ಆದರೆ ಹುಸಿಮದ್ದನ್ನು ಪಡೆದವರೊಡನೆ ಹೋಲಿಸಿದ ಪರೀಕ್ಷೆ ಅದಾಗಿರಲಿಲ್ಲ.

ಸಸ್ಯಸಾರಗಳನ್ನು ಕುರಿತು ಇನ್ನೊಂದು ಹೊಗಳಿಕೆಯೂ ಈಚೆಗೆ ಕೇಳಿಬರುತ್ತಿದೆ: ಉತ್ಕರ್ಷಣನಿರೋಧಕ ಶಕ್ತಿ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ವಿಧಾನವನ್ನು ವಿವರಿಸಿದನು. ನೇರಿಳೆ ಬಣ್ಣದ ದ್ರಾವಣಕ್ಕೆ ಸಾರವನ್ನು ಬೆರೆಸಿದಾಗ ಬಣ್ಣ ಮಾಸಿ ಹಳದಿಗೆ ತಿರುಗಿದಷ್ಟೂ ಸಾರದ ಶಕ್ತಿ ಹೆಚ್ಚು. ಆದರೆ ಗಾಜಿನ ನಳಿಕೆಗೆ ಜಠರವಿಲ್ಲ, ಯಕೃತ್ತಿಲ್ಲ. ಅಲ್ಲಿ ಗೆದ್ದ ವಸ್ತು ರಕ್ತವನ್ನು ಸೇರುವುದೇ, ಸೇರಿದರೂ ರೋಗವನ್ನು ತಡೆಯುವುದೇ ಎಂಬುದನ್ನು ಬಣ್ಣವು ಹೇಳಲಾರದು.

ಇದು ಬರಿಯ ಪಂಡಿತರ ವಾದವಲ್ಲ. ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ರೋಗಿಯೊಬ್ಬನು ಎಲೆಯನ್ನು ನಂಬಿ ಸೂಜಿಯನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬಂದೀತು. ವೈದ್ಯರಿಗೆ ತಿಳಿಸದೆ ಮಾತ್ರೆಯೊಡನೆ ಸಾರವನ್ನೂ ಸೇವಿಸುವವನ ರಕ್ತದ ಸಕ್ಕರೆ ಅಳತೆಮೀರಿ ಕುಸಿಯಲೂಬಹುದು. ಎಲೆಯನ್ನು ಹಳತೆಂದು ತಳ್ಳುವುದೂ, ಹೆಸರನ್ನು ಕೇಳಿಯೇ ಕೈಮುಗಿಯುವುದೂ ಸಮಾನವಾದ ತಪ್ಪುಗಳು. ಉದಕಮಂಡಲದಲ್ಲಿ ಆರಂಭವಾದ ವಿಚಾರಣೆಗೆ ಕೊನೆಯ ತೀರ್ಪನ್ನು ಕೊಡಬೇಕಾದುದು ನಾಲಗೆಯಲ್ಲ, ಇಲಿಯಲ್ಲ, ನಳಿಕೆಯೂ ಅಲ್ಲ. ಕ್ರಮವರಿತು ನಡೆಸಿದ ರೋಗಿಗಳ ಪರೀಕ್ಷೆ.